ಎಲ್ಲ ನೆಲಕ್ಕೂ ಒಂದೇ ಟೈರು

ನಾಲ್ಕು ಗಾಲಿಗಳಿಗೂ ಎಂಜಿನಿನ ಬಲ ಹಾಯುವ ಜೀಪಿನಂತಹ ಗಾಡಿಯೊಂದು ನಿಮ್ಮ ಮನೆಯಲ್ಲಿದೆ ಎಂದಿಟ್ಟುಕೊಳ್ಳಿ. ಅದರ ಟೈರುಗಳು ಸವೆದಿವೆ, ಹೊಸವನ್ನು ಕೊಳ್ಳಬೇಕು. ಅಂಗಡಿಗೆ ಹೋದರೆ ಅಲ್ಲಿಯವನು ಮೂರು ಬಗೆಯ ಟೈರುಗಳನ್ನು ನಿಮ್ಮ ಮುಂದೆ ಉರುಳಿಸುತ್ತಾನೆ. ಒಂದು ಡಾಂಬರು ರಸ್ತೆಗೆ. ಅದರ ಮೈಮೇಲೆ ಸಣ್ಣ ಸಣ್ಣ ಗೆರೆಗಳಷ್ಟೆ. ಇನ್ನೊಂದು ಕೆಸರಿಗೆ, ಅದಕ್ಕೆ ದಪ್ಪ ದಪ್ಪ ಹಲ್ಲುಗಳು, ಹಲ್ಲುಗಳ ನಡುವೆ ಬೆರಳು ತೂರುವಷ್ಟು ಸಂದು. ಮೂರನೆಯದು ಇವೆರಡರ ನಡುವಣದು. ಅದಕ್ಕೆ ಅವನು 'ಆಲ್ ಟೆರೇನ್' ಎಂದು ಹೆಸರು ಹೇಳುತ್ತಾನೆ.

ಇದನ್ನು ಕನ್ನಡದಲ್ಲಿ ಏನೆಂದು ಕರೆಯೋಣ? 'ಸರ್ವನೆಲದ ಟೈರು' ಎಂದರೆ ಅರಿಸಮಾಸವಾಗುತ್ತದೆ. 'ಸರ್ವಭೂಮಿ ಟೈರು' ಎಂದರೆ ಯಾವನೋ ಸಾರ್ವಭೌಮನ ಬಿರುದಿನಂತೆ ಕೇಳಿಸುತ್ತದೆ. ತಡೆಯಿಲ್ಲದೆ ಎಲ್ಲೆಡೆಯೂ ಉರುಳುವ ಚಕ್ರಕ್ಕೂ ಚಕ್ರವರ್ತಿ ಎಂಬ ಶಬ್ದಕ್ಕೂ ಸಂಬಂಧ ಹೇಳುವುದುಂಟಾದ್ದರಿಂದ ಆ ಬಿರುದೇನೂ ತೀರ ಅಪಾತ್ರದಾನವಲ್ಲ. ಆದರೂ 'ಎಲ್ಲ ನೆಲದ ಟೈರು' ಎಂಬ ಸಾದಾ ಮಾತೇ ನಮಗೆ ಸಾಕು.

ಇದರಲ್ಲಿ ಚರಿತ್ರೆಯೇನಿದೆ ಎಂದು ನೀವು ಕೇಳಬಹುದು. ಇದೆ. ಈ ಮೂರು ಟೈರುಗಳಲ್ಲಿ ಯಾವುದನ್ನು ಆರಿಸಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಮನುಷ್ಯರು ಮರುಭೂಮಿಯಲ್ಲಿ ಬಾಯಾರಿ ಸಾಯುವ ಅಪಾಯವನ್ನೂ ಎದುರಿಸಿದ್ದಾರೆ. ಆರಿಕೆ ತಪ್ಪಿದರೆ ಇಂದಿಗೂ ಆಗುವ ನಷ್ಟ ಬರಿಯ ಹಣದ್ದಲ್ಲ. ಮಳೆಗಾಲದಲ್ಲಿ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವಾಗ ಬ್ರೇಕು ಹಿಡಿಯಬೇಕಾದುದು ಎಂಜಿನಲ್ಲ. ಅಂಗೈ ಅಗಲದಷ್ಟು ನೆಲವನ್ನು ಮುಟ್ಟಿರುವ ನಾಲ್ಕು ರಬ್ಬರಿನ ತುಂಡುಗಳು.

ರಬ್ಬರು ಮೊದಲಿಗೆ ನೆಚ್ಚತಕ್ಕ ವಸ್ತುವಾಗಿರಲಿಲ್ಲ. ಬೇಸಗೆಯಲ್ಲಿ ಅಂಟು, ಚಳಿಯಲ್ಲಿ ಬಿರುಕು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬಾತನು 1839ರಲ್ಲಿ ರಬ್ಬರಿಗೆ ಗಂಧಕವನ್ನು ಬೆರಸಿ ಕಾಯಿಸಿದರೆ ಅದು ಎರಡೂ ಕಾಲಕ್ಕೆ ಜಗ್ಗದೆ ನಿಲ್ಲುವುದೆಂದು ಕಂಡುಕೊಂಡನು. ಪಾಪ, ಅವನು 1860ರಲ್ಲಿ ತೀರಿಕೊಂಡಾಗ ಸಾಲ ಉಳಿದಿತ್ತು. ಅವನ ಹೆಸರಿನ ದೊಡ್ಡ ಟೈರು ಕಂಪೆನಿ ಹುಟ್ಟಿದುದು 1898ರಲ್ಲಿ. ಅದಕ್ಕೂ ಅವನ ಮನೆಯವರಿಗೂ ಯಾವ ಸಂಬಂಧವೂ ಇರಲಿಲ್ಲ.

ಗಾಳಿ ತುಂಬಿದ ಟೈರಿನ ಕರ್ತೃ ಯಾರೆಂದರೆ ಬಹುಮಂದಿ ಡನ್‌ಲಪ್ ಎನ್ನುವರು. ಅವನಿಗಿಂತ ನಾಲ್ಕು ದಶಕಗಳ ಹಿಂದೆ, 1845ರಲ್ಲಿ, ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇಪ್ಪತ್ತಮೂರು ವರ್ಷದ ತರುಣನು ಇದಕ್ಕೆ ಹಕ್ಕುಪತ್ರ ಪಡೆದಿದ್ದನು. ಒಳಗೆ ರಬ್ಬರು ಸವರಿದ ಬಟ್ಟೆಯ ಚೀಲ, ಹೊರಗೆ ತೊಗಲಿನ ಹೊದಿಕೆ. ಲಂಡನಿನ ಉದ್ಯಾನವೊಂದರಲ್ಲಿ ಕುದುರೆಗಾಡಿಗೆ ಅದನ್ನು ತೊಡಿಸಿ ಓಡಿಸಿದಾಗ ಸದ್ದಿಲ್ಲದೆ ಗಾಡಿ ಸಾಗಿದುದನ್ನು ಕಂಡು ಜನ ಬೆರಗಾದರು. ಆದರೆ ಅಂದು ಮೋಟಾರೂ ಇರಲಿಲ್ಲ, ಸೈಕಲ್ಲೂ ಇರಲಿಲ್ಲ. ಅಗತ್ಯಕ್ಕೆ ಮುಂಚೆ ಬಂದ ಅತಿಥಿಯಂತೆ ಅದು ಹಿಂದಿರುಗಿತು. ಥಾಮ್ಸನ್ನನು ಆಮೇಲೆ ಹಬೆಯಿಂದ ನಡೆಯುವ ರಸ್ತೆ ಎಂಜಿನುಗಳನ್ನು ಮಾಡಿ, ಅವುಗಳ ಗಾಲಿಗೆ ಹಲವು ಅಂಗುಲ ದಪ್ಪದ ಗಟ್ಟಿ ರಬ್ಬರಿನ ಬಳೆಯನ್ನು ತೊಡಿಸಿದನು. ಕಬ್ಬಿಣದ ಗಾಲಿ ಹೂತುಹೋಗುವ ಮೆತ್ತನೆಯ ನೆಲದಲ್ಲಿ ಈ ರಬ್ಬರು ಚಪ್ಪಟೆಯಾಗಿ ಹರಡಿ ಎಂಜಿನನ್ನು ಹೊತ್ತುಕೊಂಡಿತು. ಇಂಡಿಯಾದಲ್ಲಿದ್ದ ಕ್ರಾಂಪ್ಟನ್ ಎಂಬ ಸೈನ್ಯಾಧಿಕಾರಿ ಇವನ್ನು ಇಲ್ಲಿಗೆ ತರಿಸಿದನು. 'ರಾವಿ' ಎಂಬ ನಮ್ಮ ನದಿಯ ಹೆಸರನ್ನೇ ಹೊತ್ತ ಒಂದು ಎಂಜಿನು 1871ರಲ್ಲಿ ಇಂಗ್ಲೆಂಡಿನ ಇಪ್ಸ್‌ವಿಚ್‌ನಿಂದ ಎಡಿನ್‌ಬರೋ ನಗರಕ್ಕೆ ಹೋಗಿ ಬಂದು ತನ್ನ ಪರೀಕ್ಷೆಯನ್ನು ಮುಗಿಸಿಕೊಂಡು, ಪಂಜಾಬಿನ ಹೆದ್ದಾರಿಯಲ್ಲಿ ದುಡಿಯಲು ಬಂದಿತು. ನೆಲಕ್ಕೆ ತಕ್ಕ ರಬ್ಬರು ಎಂಬ ವಿಚಾರ ನಮ್ಮ ನಾಡಿಗೆ ಮೋಟಾರಿಗಿಂತ ಮುಂಚೆಯೇ ಬಂದಿತ್ತೆಂದಾಯಿತು.

ಮುಂದಿನ ಕಥೆ ನಿಮಗೆ ತಿಳಿದುದೇ. ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ಪನು ತನ್ನ ಮಗನ ಮೂರುಗಾಲಿ ಸೈಕಲ್ಲಿಗಾಗಿ ಗಾಳಿಯ ಟೈರನ್ನು ಹೊಸದಾಗಿ ಕಂಡುಹಿಡಿದು 1888ರಲ್ಲಿ ಹಕ್ಕುಪತ್ರ ಪಡೆದನು; ಥಾಮ್ಸನ್ನನ ಹಳೆಯ ಕಾಗದ ಸಿಕ್ಕಿದ ಮೇಲೆ ಆ ಹಕ್ಕು ಬಿದ್ದುಹೋಯಿತು. ಫ್ರಾನ್ಸಿನ ಮಿಶಲಿನ್ ಸಹೋದರರು 1895ರ ಪ್ಯಾರಿಸ್–ಬೋರ್ಡೋ ಪಂದ್ಯದಲ್ಲಿ ಗಾಳಿ ಟೈರಿನ ಮೋಟಾರನ್ನು ಓಡಿಸಿದರು. ದಾರಿಯುದ್ದಕ್ಕೂ ಪಂಕ್ಚರುಗಳಾದರೂ ಗಾಡಿಯೇನೋ ಊರು ಮುಟ್ಟಿತು.

ಆ ಕಾಲದ ಟೈರುಗಳ ಮೈ ಬೋಳು. ಸೈಕಲ್ ಟ್ಯೂಬಿನಂತೆ ನುಣುಪು. ಒದ್ದೆ ರಸ್ತೆಯಲ್ಲಿ ಜಾರುತ್ತಿದ್ದವು. ಇದಕ್ಕೆ ಅಮೆರಿಕದ ಫೈರ್‌ಸ್ಟೋನ್ ಕಂಪೆನಿಯವರು 1908ರಲ್ಲಿ ಮಾಡಿದ ಉಪಾಯ ನನ್ನಂತಹ ಭಾಷೆಯ ಮೇಷ್ಟ್ರಿಗೆ ಬಹಳ ಹಿಡಿಸುವಂಥದು. ಟೈರಿನ ಮೈಮೇಲೆ ತಮ್ಮ ಕಂಪೆನಿಯ ಹೆಸರನ್ನೂ 'ಜಾರದು' ಎಂಬರ್ಥದ ಮಾತನ್ನೂ ಓರೆಯಾಗಿ ಉಬ್ಬಕ್ಷರಗಳಲ್ಲಿ ಎರಕ ಹೊಯ್ದುಬಿಟ್ಟರು. ಆ ಅಕ್ಷರಗಳ ಅಂಚುಗಳೇ ನೆಲವನ್ನು ಕಚ್ಚುವ ಹಲ್ಲುಗಳಾದವು. ಕೆಸರಿನಲ್ಲಿ ಗಾಡಿ ಹೋದಲ್ಲೆಲ್ಲ ಜಾಹೀರಾತು ಅಚ್ಚಾಗುತ್ತಿತ್ತು! ಅದೇ ವರ್ಷ ಗುಡ್‌ಇಯರ್ ಕಂಪೆನಿಯವರು ವಜ್ರದಾಕಾರದ ಕಟ್ಟೆಗಳುಳ್ಳ ಟೈರನ್ನು ತಂದರು. ಟೈರಿನ ಮೈಮೇಲಣ ಚಿತ್ತಾರ ಅಲಂಕಾರಕ್ಕಲ್ಲ ಎಂಬ ತಿಳಿವಳಿಕೆ ಹರಡಿದುದು ಇಲ್ಲಿಂದ. ಸಹಜವಾಗಿ ಬಿಳುಪಾದ ರಬ್ಬರಿಗೆ ಮಸಿಯನ್ನು ಬೆರಸಿದರೆ ಸವೆತ ಬಹಳ ಕಡಮೆಯಾಗುವುದೆಂದು 1910ರ ದಶಕದಲ್ಲಿ ಗೊತ್ತಾಯಿತು. ಟೈರು ಕಪ್ಪಾದುದು ಆ ಮಸಿಯಿಂದ.

ಇನ್ನು ಮರುಭೂಮಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಈಜಿಪ್ಟಿನ ಪಶ್ಚಿಮಕ್ಕೆ, ಲಿಬಿಯದವರೆಗೆ ಹಬ್ಬಿದ ಮರಳಿನ ಕಡಲೊಂದಿದೆ. ಅದರ ದಿಬ್ಬಗಳನ್ನು ಮೋಟಾರಿನಲ್ಲಿ ದಾಟಲಾಗದೆಂದು ಬಹುಕಾಲ ಎಲ್ಲರೂ ನಂಬಿದ್ದರು. ಬ್ರಿಟಿಷ್ ಸೈನ್ಯದ ಸಿಗ್ನಲ್ ದಳದ ಅಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್ ಎಂಬಾತನು ರಜೆಯ ದಿನಗಳಲ್ಲಿ, ಗೆಳೆಯರ ಜೊತೆ, ತಮ್ಮ ಸ್ವಂತ ಖರ್ಚಿನಲ್ಲಿ, ಸಾಧಾರಣ ಫೋರ್ಡ್ ಕಾರುಗಳನ್ನು ತೆಗೆದುಕೊಂಡು 1920ರ ದಶಕದ ಕೊನೆಯಿಂದ ಅಲ್ಲಿಗೆ ಹೋಗತೊಡಗಿದನು. 1929, 1930, 1932ರಲ್ಲಿ ಅವನು ಕೈಗೊಂಡ ಯಾತ್ರೆಗಳು ಪ್ರಸಿದ್ಧವಾಗಿವೆ. ಆ ಕಾರುಗಳಲ್ಲಿ ಎಂಜಿನಿನ ಬಲ ಹಿಂದಿನ ಎರಡು ಗಾಲಿಗಳಿಗೆ ಮಾತ್ರ.

ಮರಳಿನಲ್ಲಿ ಗಾಡಿ ಹೂತುಕೊಳ್ಳುವುದು ಏಕೆ? ಗಾಲಿ ತಾನು ನಿಂತ ನೆಲವನ್ನೇ ಅಗೆದುಕೊಳ್ಳುವುದರಿಂದ. ಒಣ ಮರಳಿನ ಕಣಗಳಿಗೆ ಒಂದನ್ನೊಂದು ಹಿಡಿದುಕೊಳ್ಳುವ ಗುಣವಿಲ್ಲ. ಹಲ್ಲಿರುವ ಟೈರು ಸುತ್ತಿದರೆ ಅದು ಗುದ್ದಲಿಯಂತೆ ತೋಡುತ್ತ ಕೆಳಕ್ಕೆ ಇಳಿಯುತ್ತದೆ. ಎಂಜಿನನ್ನು ಎಷ್ಟು ಜೋರಾಗಿ ಓಡಿಸಿದರೆ ಅಷ್ಟು ಆಳ. ಮರಳಿಗೆ ಬೇಕಾದುದು ಕಚ್ಚುವ ಹಲ್ಲಲ್ಲ, ಹರಡಿಕೊಳ್ಳುವ ಪಾದ. ಒಂಟೆಯ ಪಾದವನ್ನು ನೆನೆದುಕೊಳ್ಳಿ. ಅದಕ್ಕೆ ಗೊರಸಿನ ಚೂಪಿಲ್ಲ, ಅಗಲವಾದ ಮೆತ್ತೆ. ಬ್ಯಾಗ್ನಾಲ್ಡನ ತಂಡದವರು ದೊಡ್ಡ ಅಳತೆಯ ಟೈರುಗಳನ್ನು ಹಾಕಿದರು. ಅದಕ್ಕಿಂತ ಮುಖ್ಯವಾಗಿ, ಮರಳು ಬಂದಾಗ ಟೈರಿನ ಗಾಳಿಯನ್ನು ಇಳಿಸಿದರು.

ಈ ಗಾಳಿ ಇಳಿಸುವ ಲೆಕ್ಕ ಮನೆಯ ಮಕ್ಕಳಿಗೂ ತಿಳಿಯುವಂಥದು. ಒಂದು ಗಾಲಿಯ ಮೇಲೆ 900 ಪೌಂಡು ಭಾರವಿದೆ, ಟೈರಿನಲ್ಲಿ ಚದರಂಗುಲಕ್ಕೆ 30 ಪೌಂಡು ಗಾಳಿಯಿದೆ ಎಂದುಕೊಳ್ಳಿ. ಆ ಭಾರವನ್ನು ಹೊರಲು ಸುಮಾರು 30 ಚದರಂಗುಲ ನೆಲ ಬೇಕು. ಗಾಳಿಯನ್ನು 15 ಪೌಂಡಿಗೆ ಇಳಿಸಿದರೆ ಟೈರು ಚಪ್ಪಟೆಯಾಗಿ ಸುಮಾರು 60 ಚದರಂಗುಲ ನೆಲವನ್ನು ಮುಟ್ಟುತ್ತದೆ. ಟೈರಿನ ಗೋಡೆಯ ಬಿಗುವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಆದರೂ ಒಂದು ಬಿಡಿಕಾಸಿನ ಖರ್ಚಿಲ್ಲದೆ ಗಾಡಿಯ ಪಾದ ಹೆಚ್ಚುಕಡಮೆ ಇಮ್ಮಡಿಯಾಯಿತು. ಅಲ್ಲದೆ ಈ ಪಾದ ಬೆಳೆಯುವುದು ಅಗಲಕ್ಕಿಂತ ಉದ್ದಕ್ಕೆ ಹೆಚ್ಚು. ಅಗಲದ ಟೈರೇ ಬೇಕೆಂದು ಅಂಗಡಿಯಲ್ಲಿ ಹಟ ಹಿಡಿಯುವವರು ಇದನ್ನು ಗಮನಿಸಬೇಕು.

ಇಷ್ಟಾಗಿಯೂ ಹೂತುಕೊಂಡರೆ? ಕೈರೋದ ಗುಜರಿ ಅಂಗಡಿಯಲ್ಲಿ ಸಿಕ್ಕಿದ ಉಕ್ಕಿನ ತಗಡಿನ ದೋಣಿಗಳನ್ನು ಗಾಲಿಯ ಕೆಳಗೆ ತೂರಿಸಿ ಅವುಗಳ ಮೇಲೆ ಗಾಡಿಯನ್ನು ಹತ್ತಿಸಿ ಎಬ್ಬಿಸುತ್ತಿದ್ದರು. ಬಿಸಿಲಿಗೆ ಎಂಜಿನಿನ ನೀರು ಕುದಿದು ಹಬೆಯಾಗಿ ಹೋಗದಂತೆ ಅದನ್ನು ಕೊಳವೆಯಿಂದ ಒಂದು ಡಬ್ಬಕ್ಕೆ ಹಾಯಿಸಿ ಮತ್ತೆ ನೀರಾಗಿಸಿಕೊಂಡರು. ಗಾಳಿ ಬೀಸಿ ಬರುವ ಕಡೆಯ ದಿಬ್ಬದ ಇಳುಕಲಿನಲ್ಲಿ ಮರಳು ಬಿಗಿಯಾಗಿ ಕೂತಿರುತ್ತದೆ, ಅಲ್ಲಿ ವೇಗವಾಗಿ ಏರಬಹುದು ಎಂಬುದನ್ನು ಕಲಿತರು. ಮರಳು ಹೀಗೇಕೆ ಕೂರುತ್ತದೆ ಎಂಬ ಯೋಚನೆ ಬ್ಯಾಗ್ನಾಲ್ಡನನ್ನು ಬಿಡಲಿಲ್ಲ. 1941ರಲ್ಲಿ ಅವನು ಪ್ರಕಟಿಸಿದ ಮರಳು ಮತ್ತು ದಿಬ್ಬಗಳ ಭೌತಶಾಸ್ತ್ರದ ಗ್ರಂಥವನ್ನು ವಿಜ್ಞಾನಿಗಳು ಇಂದಿಗೂ ಓದುತ್ತಾರೆ. 1944ರಲ್ಲಿ ರಾಯಲ್ ಸೊಸೈಟಿ ಅವನನ್ನು ತನ್ನ ಸದಸ್ಯನನ್ನಾಗಿ ಮಾಡಿಕೊಂಡಿತು.

1939ರಲ್ಲಿ ಯುದ್ಧ ಹೊತ್ತಿಕೊಂಡಾಗ ಅವನನ್ನು ಬೇರೆ ಕಡೆಗೆ ಒಯ್ಯುತ್ತಿದ್ದ ಹಡಗು ಮತ್ತೊಂದು ಹಡಗಿಗೆ ತಾಕಿತು. ಅದರಿಂದಾಗಿ ಬ್ಯಾಗ್ನಾಲ್ಡನು ಈಜಿಪ್ಟಿನಲ್ಲಿ ಇಳಿಯಬೇಕಾಯಿತು. ಮರುವರ್ಷ ಜೂನ್ ತಿಂಗಳಲ್ಲಿ ಇಟಲಿ ಯುದ್ಧಕ್ಕೆ ಇಳಿದೊಡನೆಯೆ ಅವನು ಸೇನಾಪತಿ ವೇವೆಲ್ಲನ ಮುಂದೆ ತನ್ನ ಯೋಜನೆಯನ್ನಿಟ್ಟನು: ಶತ್ರು ದಾಟಲಾಗದೆಂದು ನಂಬಿ ಕಾವಲಿಲ್ಲದೆ ಬಿಟ್ಟಿರುವ ಮರಳುಗಾಡನ್ನು ದಾಟಿ ಅವನ ಹಿಂಬದಿಯನ್ನು ಸೇರುವ ದಳವೊಂದನ್ನು ಕಟ್ಟಬೇಕು. ಒಪ್ಪಿಗೆ ದೊರೆಯಿತು. ನ್ಯೂಜಿಲೆಂಡಿನ ರೈತಮಕ್ಕಳು ಮುಂದೆ ಬಂದರು. ಅನಂತರ ನಮ್ಮ ಇಂಡಿಯಾದ ಅಶ್ವದಳಗಳ ಯೋಧರಿಂದ ಕೂಡಿದ ಒಂದು ತುಕಡಿಯೂ ಈ ದೂರಗಾಮಿ ಮರುಭೂಮಿ ದಳದೊಡನೆ ಕೆಲಸ ಮಾಡಿತು.

ಈಗ ನಮ್ಮ ಪ್ರಶ್ನೆಗೆ ಸಂಬಂಧಪಟ್ಟ ಸಂಗತಿ. ದಳಕ್ಕೆ ಮೊದಲು ಸಿಕ್ಕಿದುದು ಹಿಂದಿನ ಗಾಲಿಗಳಿಗೆ ಮಾತ್ರ ಬಲವಿದ್ದ ಷೆವರ್ಲೆ ಲಾರಿಗಳು. 1941ರಲ್ಲಿ ನಾಲ್ಕು ಗಾಲಿಗಳಿಗೂ ಬಲವಿದ್ದ ಫೋರ್ಡ್ ಲಾರಿಗಳು ಬಂದವು. ಅವರ ಸಂತೋಷಕ್ಕೆ ಪಾರವಿರಲಿಲ್ಲ ಎಂದು ನೀವು ಊಹಿಸುವಿರಿ. ಹಾಗಾಗಲಿಲ್ಲ. ಆ ಗಾಡಿಗಳ ತೂಕ ಹೆಚ್ಚು, ಅವು ಕುಡಿಯುವ ಪೆಟ್ರೋಲು ಬಹಳ ಹೆಚ್ಚು. ನೂರಾರು ಮೈಲಿಗಳ ಮರಳಿನಲ್ಲಿ ಪೆಟ್ರೋಲೆಂದರೆ ಪ್ರಾಣ. 1942ರಲ್ಲಿ ದಳದವರು ಮತ್ತೆ ಎರಡು ಗಾಲಿ ಬಲದ ಷೆವರ್ಲೆಗಳಿಗೇ ಹಿಂದಿರುಗಿದರು. ದೊಡ್ಡ ಟೈರು, ಕಡಮೆ ಗಾಳಿ, ಹಗುರ ಗಾಡಿ, ನೆಲವನ್ನು ಓದಬಲ್ಲ ಚಾಲಕ, ಇಷ್ಟಿದ್ದರೆ ಉಳಿದೆರಡು ಗಾಲಿಗಳ ಬಲವಿಲ್ಲದೆಯೂ ನಡೆಯುತ್ತದೆ ಎಂದು ಅವರು ತೋರಿಸಿಕೊಟ್ಟರು. 'ನನ್ನದು ಫೋರ್ ವೀಲ್, ಟೈರು ಹೇಗಿದ್ದರೇನು' ಎನ್ನುವವರಿಗೆ ನಾನು ಈ ಕಥೆಯನ್ನು ಹೇಳುವುದುಂಟು.

ಕೆಸರಿನ ನ್ಯಾಯ ಮರಳಿಗೆ ತೀರ ವಿರುದ್ಧ. ಕೆಸರಿನ ಕೆಳಗೆ ಎಲ್ಲಿಯೋ ಒಂದು ಗಟ್ಟಿ ನೆಲವಿರುತ್ತದೆ; ಮೇಲಿನ ಲೋಳೆಯನ್ನು ಸೀಳಿ ಆ ಗಟ್ಟಿಯನ್ನು ಮುಟ್ಟಬೇಕು. ಆದುದರಿಂದ ಇಲ್ಲಿ ಹಲ್ಲು ಬೇಕು, ಅದೂ ಉದ್ದನೆಯ ಹಲ್ಲು. ಹಲ್ಲುಗಳ ನಡುವೆ ಸಿಕ್ಕಿಕೊಂಡ ಕೆಸರು ಗಾಲಿ ತಿರುಗಿದಂತೆ ಸಿಡಿದು ಹೋಗುವಷ್ಟು ಸಂದೂ ಬೇಕು. ಹೊಲದ ಕೆಲಸಕ್ಕೆ ಇದನ್ನು ಚೆನ್ನಾಗಿ ತೋರಿಸಿದುದು ಟ್ರ್ಯಾಕ್ಟರ್. ಅದರ ಗಾಲಿಗೆ 1930ರ ದಶಕದವರೆಗೆ ಕಬ್ಬಿಣದ ಮುಳ್ಳುಗಳಿರುತ್ತಿದ್ದವು. ಅಮೆರಿಕದಲ್ಲಿ 1932ರಲ್ಲಿ ಅಲಿಸ್-ಚಾಮರ್ಸ್ ಟ್ರ್ಯಾಕ್ಟರಿಗೆ ಫೈರ್‌ಸ್ಟೋನ್ ಕಂಪೆನಿಯ ಗಾಳಿ ಟೈರನ್ನು ಹಾಕಿದಾಗ ರೈತರು ನಂಬಲಿಲ್ಲ. ರಬ್ಬರು ಮಣ್ಣನ್ನು ಹಿಡಿದೀತೆ? ಹಿಡಿಯಿತು. ಇಂದು ನೀವು ಯಾವ ಟ್ರ್ಯಾಕ್ಟರನ್ನೇ ನೋಡಿ, ಹಿಂದಿನ ಟೈರಿನ ಮೇಲೆ ಬಾಣದ ಮೊನೆಯಂತೆ ಓರೆಯಾದ ದಪ್ಪ ಹಲ್ಲುಗಳಿವೆ. ಮುಂದಕ್ಕೆ ಉರುಳುವಾಗ ಅವು ಮಣ್ಣನ್ನು ಎರಡು ಪಕ್ಕಕ್ಕೆ ತಳ್ಳಿ ತಮ್ಮನ್ನು ತಾವೇ ತೊಳೆದುಕೊಳ್ಳುತ್ತವೆ; ತಿರುವುಮುರುವಾಗಿ ಜೋಡಿಸಿದರೆ ಕೆಸರನ್ನು ಒಳಕ್ಕೆ ಎಳೆದುಕೊಳ್ಳುತ್ತವೆ.

ಜೀಪು ಹುಟ್ಟಿದುದು 1940–41ರಲ್ಲಿ. ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾದವು. ಅದರ ಟೈರು 6.00–16 ಅಳತೆಯದು, ಇಂದಿನ ಕಣ್ಣಿಗೆ ಸೈಕಲ್ಲಿನದೋ ಎನ್ನುವಷ್ಟು ಸಪೂರ. ಅದರ ಹಲ್ಲುಗಳು ಎಡಕ್ಕೊಂದು ಬಲಕ್ಕೊಂದು ಅಡ್ಡಡ್ಡವಾಗಿ ಕೂತಿದ್ದವು, ಯಾವ ದಿಕ್ಕಿಗೂ ಮುಖ ಮಾಡದೆ. ಮುಂದಕ್ಕೂ ಹಿಂದಕ್ಕೂ ಅದು ಒಂದೇ ಸಮನಾಗಿ ಹಿಡಿಯುತ್ತಿತ್ತು. ಯಾವ ಗಾಲಿಯನ್ನು ಯಾವ ಕಡೆಗೆ ಹಾಕಿದರೂ ನಡೆಯುತ್ತಿತ್ತು. ಜಾಡನ್ನು ನೋಡಿ ಗಾಡಿ ಯಾವ ಕಡೆಗೆ ಹೋಯಿತೆಂದು ಶತ್ರುವಿಗೆ ತಿಳಿಯಬಾರದೆಂದೇ ಹೀಗೆ ಮಾಡಿದರೆಂಬ ಮಾತೂ ಪ್ರಚಲಿತವಾಗಿದೆ. ಕಥೆ ಚೆನ್ನಾಗಿದೆ, ಅಷ್ಟೆ. ಎಲ್ಲ ನೆಲಕ್ಕೂ ಒಂದೇ ಟೈರು ಎಂಬ ಆಸೆ ಇಲ್ಲಿ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ರೂಪ ತಳೆಯಿತೆನ್ನಬಹುದು. ಇದರ ನಡುವೆ 1942ರ ಫೆಬ್ರವರಿಯಲ್ಲಿ ಸಿಂಗಪುರ ಬಿದ್ದಿತು. ಅಮೆರಿಕಕ್ಕೆ ಬರುತ್ತಿದ್ದ ರಬ್ಬರಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನಿಂತುಹೋಯಿತು. ಸಾಮಾನ್ಯ ಜನಕ್ಕೆ ಟೈರು ಪಡಿತರದ ವಸ್ತುವಾಯಿತು. ಟೈರು ಸವೆಯದಿರಲೆಂದು ಆ ದೇಶದಲ್ಲಿ ಗಂಟೆಗೆ 35 ಮೈಲಿಯ ವೇಗಮಿತಿಯನ್ನು ವಿಧಿಸಿದರು. ಕೃತಕ ರಬ್ಬರಿನ ಕಾರ್ಖಾನೆಗಳು ಎದ್ದುದು ಈ ಒತ್ತಡದಿಂದ.

ಯುದ್ಧ ಮುಗಿದ ಮೇಲೆ ಜೀಪು ಹಳ್ಳಿಯ ದಾರಿ ಹಿಡಿಯಿತು. 1940ರ ದಶಕದ ಕೊನೆಗೆ ಮಹೀಂದ್ರ ಸಂಸ್ಥೆಯವರು ವಿಲ್ಲಿಸ್ ಜೀಪನ್ನು ನಮ್ಮ ದೇಶದಲ್ಲಿಯೇ ಜೋಡಿಸತೊಡಗಿದರು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಗಳಲ್ಲಿ ಅದು ಮನೆಯ ಎತ್ತಿನಂತೆ ಬಳಕೆಯಾಯಿತು. ಅತ್ತ ಫ್ರಾನ್ಸಿನಲ್ಲಿ ಮಿಶಲಿನ್ ಕಂಪೆನಿಯವರು 1946ರಲ್ಲಿ ರೇಡಿಯಲ್ ಟೈರಿಗೆ ಹಕ್ಕುಪತ್ರ ಪಡೆದು 1949ರಲ್ಲಿ ಅದನ್ನು ಮಾರಾಟಕ್ಕೆ ತಂದರು. ಹಳೆಯ ಟೈರಿನ ಒಳಗಣ ನೂಲುಗಳು ಚಾಪೆಯ ಹೆಣಿಗೆಯಂತೆ ಓರೆಯಾಗಿ ಒಂದರ ಮೇಲೊಂದು ಹಾಯುತ್ತವೆ. ರೇಡಿಯಲ್ಲಿನಲ್ಲಿ ಅವು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗುತ್ತವೆ. ಮೇಲೆ ಉಕ್ಕಿನ ಎಳೆಗಳ ಪಟ್ಟಿ ಸುತ್ತಿರುತ್ತದೆ. ಇದರಿಂದ ಪಕ್ಕದ ಗೋಡೆ ಮೆತ್ತಗಾಗಿ ಬಾಗುತ್ತದೆ, ನೆಲ ಮುಟ್ಟುವ ಮೈ ಚಪ್ಪಟೆಯಾಗಿ ನಿಲ್ಲುತ್ತದೆ; ಕಾವು ಕಡಮೆ, ಬಾಳಿಕೆ ಹೆಚ್ಚು. ಆದರೆ ಆ ತೆಳು ಗೋಡೆಯನ್ನು ಕಲ್ಲು ಸೀಳೀತೆಂಬ ಹೆದರಿಕೆಯಿಂದ ಕಾಡುದಾರಿಯವರು ಬಹುಕಾಲ ಅದನ್ನು ಮುಟ್ಟಲಿಲ್ಲ.

ಆ ಹೆದರಿಕೆ ಬಿಟ್ಟುದು ಮೆಕ್ಸಿಕೋ ದೇಶದ ಬಾಹಾ ಪರ್ಯಾಯದ್ವೀಪದಲ್ಲಿ. ಕಲ್ಲು, ಮರಳು, ಧೂಳು, ಒಣಗಿದ ಹೊಳೆಪಾತ್ರಗಳ ಮೇಲೆ 1967ರಿಂದ ಅಲ್ಲಿ ಮೋಟಾರು ಪಂದ್ಯ ನಡೆಯುತ್ತ ಬಂದಿದೆ. ಅಂಥ ನೆಲದಲ್ಲಿ ಪರೀಕ್ಷೆಗೊಳಗಾಗಿ, 1976ರಲ್ಲಿ ಬಿ. ಎಫ್. ಗುಡ್‌ರಿಚ್ ಕಂಪೆನಿಯ ರೇಡಿಯಲ್ 'ಆಲ್ ಟೆರೇನ್' ಟೈರು ಮಾರುಕಟ್ಟೆಗೆ ಬಂದಿತು. ಒಂದಕ್ಕೊಂದು ಕೊಂಡಿಯಂತೆ ಹೊಂದಿಕೊಂಡ ಮಧ್ಯಮ ಗಾತ್ರದ ಹಲ್ಲುಗಳು, ಹಲ್ಲಿನ ಮೈಮೇಲೆ ಮತ್ತೆ ಕೂದಲೆಳೆಯಂಥ ಸಣ್ಣ ಕೊರೆತಗಳು, ಬಲವಾದ ಗೋಡೆ. ಇಂದು ಅಂಗಡಿಯವನು ನಿಮ್ಮ ಮುಂದೆ ಉರುಳಿಸುವ ಮೂರನೆಯ ಟೈರು, ಯಾವ ಕಂಪೆನಿಯದಾದರೂ, ಈ ವಂಶದ್ದೇ.

ಹಾಗಾದರೆ ಅದನ್ನೇ ಕೊಳ್ಳೋಣವೆ? ನಿಮ್ಮ ಗಾಡಿ ನಡೆಯುವ ದಾರಿಯನ್ನು ಮೊದಲು ಲೆಕ್ಕ ಹಾಕಿ. ವರ್ಷದಲ್ಲಿ ಒಂದೆರಡು ಸಾರಿ ತೋಟದ ದಾರಿ, ಉಳಿದುದೆಲ್ಲ ಡಾಂಬರು ಎಂಬಂತಿದ್ದರೆ 'ಎಚ್. ಟಿ.' ಎಂದು ಬರೆದ ರಸ್ತೆ ಟೈರೇ ಲೇಸು. ಒದ್ದೆ ಡಾಂಬರಿನಲ್ಲಿ ಬ್ರೇಕು ಹಿಡಿಯಲು ನೆಲ ಮುಟ್ಟುವ ರಬ್ಬರು ಹೆಚ್ಚಾಗಿರಬೇಕು, ಸಂದು ಕಡಮೆಯಿರಬೇಕು. ದಪ್ಪ ಹಲ್ಲಿನ 'ಎಂ. ಟಿ.' ಟೈರು ಇಲ್ಲಿ ಸೋಲುತ್ತದೆ. ಮೇಲಾಗಿ ಜೇನುಗೂಡಿನಂತೆ ಗುಂಯ್ಗುಡುತ್ತದೆ, ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ. ನೋಟಕ್ಕೆ ಗಂಡಸುತನವಿದೆ ಎಂದು ಪೇಟೆಯ ತರುಣರು ಇದನ್ನು ಹಾಕಿಸಿಕೊಳ್ಳುವುದನ್ನು ನೋಡುತ್ತೇನೆ. ಕೆಸರನ್ನೇ ಕಾಣದ ಹಲ್ಲುಗಳು ಡಾಂಬರಿನ ಮೇಲೆ ಸುಮ್ಮನೆ ಸವೆಯುತ್ತವೆ. ದಿನವೂ ಮಣ್ಣುದಾರಿ, ದಿನವೂ ಡಾಂಬರು ಎರಡೂ ಇರುವವರಿಗೆ ನಡುವಣ 'ಎ. ಟಿ.' ಟೈರು ಸರಿ. ಬಿಟ್ಟೂಬಿಡದ ಮಳೆಯಲ್ಲಿ ತೋಟದೊಳಗೆ ದುಡಿಯುವ ಗಾಡಿಗಾದರೋ ದಪ್ಪ ಹಲ್ಲು ಬೇಕು.

ನಮ್ಮ ಮಣ್ಣಿನ ಗುಣವನ್ನೂ ನೋಡಬೇಕು. ಮಲೆನಾಡಿನ ಕೆಮ್ಮಣ್ಣಿನಲ್ಲಿ ಮೇಲೆ ಲೋಳೆಯಿದ್ದರೂ ಕೆಳಗೆ ಜಂಬಿಟ್ಟಿಗೆಯ ಗಟ್ಟಿಯಿರುತ್ತದೆ. ಅಲ್ಲಿ ಸಪೂರ ಟೈರು ಸೀಳಿಕೊಂಡು ಹೋಗಿ ಹಿಡಿಯುತ್ತದೆ, ಅಗಲದ ಟೈರು ಮೇಲೆಯೇ ತೇಲಿ ಜಾರುತ್ತದೆ. ಧಾರವಾಡ, ಗದಗು, ವಿಜಯಪುರದ ಕಡೆಯ ಎರೆಮಣ್ಣು ಬೇರೆ ಜಾತಿ. ಮಳೆ ಬಿದ್ದ ಎರೆ ಹೊಲದಲ್ಲಿ ನಡೆದವರಿಗೆ ಗೊತ್ತು. ನಾಲ್ಕು ಹೆಜ್ಜೆಗೆ ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ. ಟೈರಿನ ಸಂದುಗಳೂ ಹಾಗೆಯೇ ನಾಲ್ಕು ಸುತ್ತಿಗೆ ತುಂಬಿ ಮುಚ್ಚಿಹೋಗುತ್ತವೆ. ಎ. ಟಿ. ಟೈರು ಅಲ್ಲಿ ಬೋಳು ಟೈರಿಗೆ ಸಮ; ಎಂ. ಟಿ. ಕೂಡ ತಿಣುಕುತ್ತದೆ. ಎರೆ ಒಣಗುವವರೆಗೆ ಕಾಯುವ ಅಲ್ಲಿನ ರೈತರೇ ಜಾಣರು.

ಟೈರಿನ ಗೋಡೆಯ ಮೇಲಿನ ಬರಹವನ್ನು ಓದಲು ಕಲಿಯಿರಿ. ಅದೂ ಒಂದು ಶಾಸನವೆ. 235/75 ಆರ್ 15, 105 ಎಸ್ ಎಂದಿದ್ದರೆ: ಅಗಲ 235 ಮಿಲಿಮೀಟರು, ಗೋಡೆಯ ಎತ್ತರ ಆ ಅಗಲದ ನೂರಕ್ಕೆ 75, 'ಆರ್' ಎಂದರೆ ರೇಡಿಯಲ್, ಒಳಗಣ ರಿಮ್ಮು 15 ಅಂಗುಲದ್ದು. 105 ಎಂಬುದು ತೂಕದ ಸಂಕೇತ, ಒಂದು ಟೈರು 925 ಕಿಲೋ ಹೊರಬಹುದೆಂದು ಅರ್ಥ. 'ಎಸ್' ಎಂದರೆ ಗಂಟೆಗೆ 180 ಕಿಲೋಮೀಟರಿನ ಮಿತಿ. ಗಾಡಿಯನ್ನು ಮಾಡಿದವರು ಹೇಳಿದ ತೂಕದ ಅಂಕೆಗಿಂತ ಕೆಳಗಿನದನ್ನು ಎಷ್ಟು ಅಗ್ಗವಾದರೂ ಕೊಳ್ಳಬೇಡಿ. ನಾಲ್ಕೂ ಒಂದೇ ಅಳತೆ, ಒಂದೇ ಬಗೆಯಾಗಿರಲಿ, ಸ್ಟೆಪ್ನಿಯೂ ಹಾಗೆಯೇ. ಎರಡು ಹೊಸದು ಎರಡು ಸವೆದದ್ದು ಎಂದು ಬೆರಸಿದರೆ ಗಾಲಿಗಳ ಸುತ್ತಳತೆ ಬೇರೆ ಬೇರೆಯಾಗಿ, ನಾಲ್ಕು ಗಾಲಿ ಬಲ ಹಾಕಿದಾಗ ಗೇರುಪೆಟ್ಟಿಗೆಯಲ್ಲಿ ಜಗ್ಗಾಟ ಹುಟ್ಟುತ್ತದೆ. ಬ್ಯಾಗ್ನಾಲ್ಡನಂತೆ ಗಾಳಿ ಇಳಿಸುವವರು ಗಾಳಿ ಹೊಡೆಯುವ ಪಂಪನ್ನೂ ಒಯ್ಯಿರಿ. ಇಳಿಸಿದ ಟೈರಿನಲ್ಲಿ ಡಾಂಬರಿನ ಮೇಲೆ ಓಡಿದರೆ ಗೋಡೆ ಮಡಿಸಿ ಮಡಿಸಿ ಕಾದು ಸಿಡಿಯುತ್ತದೆ.

ಇನ್ನು ಆ ಗೋಡೆಯ ಮೇಲೆಯೇ ಒಂದು ಸಣ್ಣ ಚೌಕಟ್ಟಿನಲ್ಲಿ ನಾಲ್ಕು ಅಂಕೆಗಳಿರುತ್ತವೆ. 3223 ಎಂದಿದ್ದರೆ 2023ನೆಯ ವರ್ಷದ 32ನೆಯ ವಾರದಲ್ಲಿ ತಯಾರಾದುದು. ಉಗ್ರಾಣದಲ್ಲಿ ವರ್ಷಗಟ್ಟಲೆ ಕೂತ ರಬ್ಬರು ಒಂದು ಮೈಲಿ ಓಡದೆಯೂ ಮುಪ್ಪಾಗುತ್ತದೆ. ಹೊಳಪಿನಿಂದ ಅದು ತಿಳಿಯುವುದಿಲ್ಲ. ಈ ಅಂಕೆಗಳು ಟೈರಿನ ಒಂದು ಪಕ್ಕದಲ್ಲಿ ಮಾತ್ರ ಪೂರ್ತಿಯಾಗಿ ಇರುವುದುಂಟು. ಅಂಗಡಿಯವನು ಬೇಸರಪಟ್ಟುಕೊಂಡರೂ ಚಿಂತೆಯಿಲ್ಲ, ಟೈರನ್ನು ತಿರುಗಿಸಿ ಹಾಕಿಸಿ ನೋಡಿ.